ಭರಣಿಯ ಊರು

ಡೊಂಬಿವಲಿ ಪೂರ್ವ
3 ಜುಲೈ 2025

ಶ್ರೀವಾಣಿ ಮೇಡಂ ಅವರಿಗೆ,

ಲೋಕನಾಥ ಮೂಲ್ಯನ ನಮಸ್ಕಾರಗಳು. ನಿಮ್ಮ ಗ್ಯಾಲರಿಯ ಪ್ರದರ್ಶನಕ್ಕೆ ಕೊಟ್ಟ ನಮ್ಮ ಭರಣಿಗೆ ನೀವು ಬರೆದ ಲೇಬಲಿನ ಕರಡು ತಲುಪಿತು. ಮಗಳು ತೃಷಾ ಅದನ್ನು ಪ್ರಿಂಟ್ ತೆಗೆಸಿ ತಂದಳು. ಉತ್ತರವನ್ನು ನಾನು ಕೈಯಲ್ಲೇ ಬರೆಯುತ್ತೇನೆ, ಅವಳು ಫೋಟೊ ಹೊಡೆದು ನಿಮ್ಮ ಇಮೇಲಿಗೆ ಹಾಕುತ್ತಾಳೆ. ಫೋನಿನಲ್ಲಿ ಮಾತಾಡಿದರೆ ನನಗೆ ಬೇಗ ಸಿಟ್ಟು ಬರುತ್ತದೆ. ಬರೆದರೆ ಸ್ವಲ್ಪ ತಡವಾಗಿ ಬರುತ್ತದೆ.

ಕರಡಿನಲ್ಲಿ ಹೀಗಿದೆ: "ಭರಣಿ. ಮೂಲ: ಕಾಸರಗೋಡು, ಕೇರಳ. ಮಾಡಿದವರು: ಐತ ಮೂಲ್ಯ. ದೃಢಪಟ್ಟಿಲ್ಲ." ಮೇಡಂ, ಈ ಕೇರಳ ಎಲ್ಲಿಂದ ಬಂತು? ನನ್ನ ಅಜ್ಜ ಐತ ಮೂಲ್ಯರು ಹುಟ್ಟಿದ್ದು ಕುಂಬಳೆ ಹತ್ತಿರದ ಬೊಳ್ಮಾರಿನಲ್ಲಿ. ಆಗ ಅದು ದಕ್ಷಿಣ ಕನ್ನಡ ಜಿಲ್ಲೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. 1956ರಲ್ಲಿ ದೆಹಲಿಯವರು ಗೆರೆ ಎಳೆದರು. ಅಜ್ಜ ಕೂತಿದ್ದ ತಿಗರಿಯ ಮುಂದಿನಿಂದ ಏಳಲಿಲ್ಲ, ರಾಜ್ಯ ಮಾತ್ರ ಬದಲಾಯಿತು. ಭರಣಿ ಅದಕ್ಕಿಂತ ಹಳೆಯದು. ಮೊದಲೇ ಹುಟ್ಟಿದ ಮಗುವಿಗೆ ಆಮೇಲೆ ಬಂದ ಮಲತಂದೆಯ ಹೆಸರು ಹಚ್ಚುವುದು ಯಾವ ನ್ಯಾಯ?

ಇದು ನನಗೆ ಯಾಕೆ ಇಷ್ಟು ಮುಖ್ಯ ಎಂದು ಹೇಳಿಬಿಡುತ್ತೇನೆ. ನಾವು ಕುಂಬಾರರು. ಈ ಕಡೆ ಬಂದ ಮೇಲೆ ಹೋಟೆಲಿನವರಾದೆವು. ಅಪ್ಪ ಕಲ್ಯಾಣದ ಹೋಟೆಲೊಂದರಲ್ಲಿ ತಟ್ಟೆ ತೊಳೆದು ಮೇಲೆ ಬಂದರು. ನಾನು ರಬಾಳೆಯ ಒಂದು ಕಾರ್ಖಾನೆಯ ಕ್ಯಾಂಟೀನ್ ನಡೆಸುತ್ತೇನೆ. ತೃಷಾಳ ಕಾಲೇಜಿನಲ್ಲಿ ಯಾರೋ, ನಿಮ್ಮ ಹಿರಿಯರು ಏನು ಮಾಡುತ್ತಿದ್ದರು ಎಂದು ಕೇಳಿದ್ದಕ್ಕೆ "ಇಡ್ಲಿ" ಎಂದಳಂತೆ. ಮನೆಗೆ ಬಂದು ನಗುತ್ತಾ ಹೇಳಿದಳು. ನನಗೆ ನಗು ಬರಲಿಲ್ಲ. ನಮ್ಮವರ ಕೈಯಲ್ಲೂ ಒಂದು ವಿದ್ಯೆ ಇತ್ತು ಎಂದು ತೋರಿಸಲು ನನ್ನ ಬಳಿ ಇರುವುದು ಈ ಭರಣಿ ಒಂದೇ.

ಉದ್ಘಾಟನೆಗೆ ನಮ್ಮ ಸಂಘದ ಅಧ್ಯಕ್ಷ ಗುಣಪಾಲಣ್ಣ ಡೊಂಬಿವಲಿಯಿಂದ ಬಸ್ ಮಾಡಿದ್ದಾರೆ. ಎಂಬತ್ತು ದಾಟಿದ ನನ್ನ ತಾಯಿ ಬಾಗಿಯವರೂ ಬರುತ್ತಾರೆ. ಅವರೆಲ್ಲ ಬಂದು ಅಜ್ಜನ ಹೆಸರಿನ ಮೇಲೆ ಕೇರಳ ಎಂದು ಓದಬೇಕೇ? ದಯವಿಟ್ಟು ತಿದ್ದಿ.

ಇತಿ,
ಲೋಕನಾಥ ಮೂಲ್ಯ


ಘೋಡಬಂದರ್ ರಸ್ತೆ, ಠಾಣೆ
9 ಜುಲೈ 2025

ಮಾನ್ಯ ಲೋಕನಾಥ ಮೂಲ್ಯರಿಗೆ,

ನಿಮ್ಮ ಪತ್ರ ಓದಿದೆ. ಬೇಸರ ಅರ್ಥವಾಗುತ್ತದೆ. ನಮ್ಮ ತಂದೆ ಯಜ್ಞೇಶ್ವರರು ಉಡುಪಿಯಿಂದ ಬಂದು ನೆರೂಳಿನಲ್ಲಿ ಹೋಟೆಲು ಹಾಕಿದವರು. ಆದ್ದರಿಂದ "ಇಡ್ಲಿ" ಎಂಬ ಉತ್ತರ ನನಗೂ ಹೊಸತಲ್ಲ.

ಪ್ರದರ್ಶನದ ಹೆಸರು "ಗಡಿ ದಾಟಿದ ಮಣ್ಣು" ಎಂದು ಇಟ್ಟವಳು ನಾನೇ. ಈಗ ಅನುಭವಿಸುತ್ತಿರುವವಳೂ ನಾನೇ. ಖಾನಾಪುರದ ಒಂದು ಹೂಜಿಗೆ ಇಬ್ಬರು ಹಕ್ಕು ಹೇಳುತ್ತಿದ್ದಾರೆ. ಒಬ್ಬರು ಅದು ಮರಾಠಿ ಹೂಜಿ ಎನ್ನುತ್ತಾರೆ, ಇನ್ನೊಬ್ಬರು ಕನ್ನಡದ್ದು ಎನ್ನುತ್ತಾರೆ. ಹೂಜಿ ಇಬ್ಬರಿಗೂ ತಣ್ಣನೆಯ ನೀರು ಕೊಟ್ಟಿರುತ್ತದೆ. ಈ ಗ್ಯಾಲರಿ ಕಟ್ಟಿಸಿದ ಬಿಲ್ಡರುಗಳೇ ನಮ್ಮ ಟ್ರಸ್ಟಿಗಳು, ಅವರು ಮಾತ್ರ ಇಂದಿನ ನಕ್ಷೆಯಲ್ಲಿ ಯಾವ ರಾಜ್ಯವಿದೆಯೋ ಅದನ್ನೇ ಹಾಕಿ ಎಂದು ಹಟ ಹಿಡಿದಿದ್ದಾರೆ. ಕೆಳಗಿನ ಸಾಲಿನಲ್ಲಿ "ಹಿಂದಿನ ದಕ್ಷಿಣ ಕನ್ನಡ ಜಿಲ್ಲೆ, ಮದ್ರಾಸ್ ಪ್ರಾಂತ" ಎಂದು ಸೇರಿಸಲು ಕೇಳಿ ನೋಡುತ್ತೇನೆ.

ಮಾಡಿದವರ ಹೆಸರಿನ ವಿಷಯದಲ್ಲಿ ಇನ್ನೂ ಸ್ವಲ್ಪ ವಿಚಾರಿಸುವುದಿದೆ. ಭರಣಿಯ ಮೇಲಿರುವ ಗಾಜಿನಂಥ ಕಂದು ಲೇಪದ ಬಗ್ಗೆ ಒಂದೆರಡು ಪ್ರಶ್ನೆಗಳಿವೆ. ನಿಮ್ಮ ತಾಯಿಯವರ ಜೊತೆ ಒಮ್ಮೆ ಮಾತಾಡಬಹುದೇ? ನನಗೆ ತುಳು ಬರುತ್ತದೆ.

ವಂದನೆಗಳೊಂದಿಗೆ,
ಶ್ರೀವಾಣಿ


ಡೊಂಬಿವಲಿ ಪೂರ್ವ
18 ಜುಲೈ 2025

ಶ್ರೀವಾಣಿ ಮೇಡಂ ಅವರಿಗೆ,

ಕೆಳಗಿನ ಸಾಲಿನಲ್ಲಿ ಎಂದಿರಿ. ಮೇಲಿನ ಸಾಲಿನಲ್ಲಿ ಕೇರಳ, ಕೆಳಗೆ ಸಣ್ಣ ಅಕ್ಷರದಲ್ಲಿ ಮದ್ರಾಸ್. ಮದ್ರಾಸು ಎಂದಾದರೂ ನಮ್ಮದಾಗಿತ್ತೇ? ಆ ನೆಲವನ್ನು ಕುಂಬಳೆಯ ಅರಸರು ಆಳಿದರು, ಇಕ್ಕೇರಿಯವರು ಬಂದರು, ಟಿಪ್ಪು ಬಂದ, ಕಂಪನಿ ಬಂತು. ಬಂದವರೆಲ್ಲ ನಮ್ಮ ಮಡಕೆಯಲ್ಲೇ ಅನ್ನ ಬೇಯಿಸಿ ಉಂಡರು. ಮಡಕೆ ಮಾಡಿದವನ ಹೆಸರು ಒಬ್ಬರೂ ಬರೆದಿಡಲಿಲ್ಲ.

ಎದುರಿಗೇ ಮಾತಾಡೋಣವೆಂದು ಸೋಮವಾರ ಕ್ಯಾಂಟೀನನ್ನು ಅಡುಗೆಯವರ ಕೈಗೆ ಬಿಟ್ಟು ಹೊರಟೆ. ಠಾಣೆಯವರೆಗೆ ಲೋಕಲ್‌ನಲ್ಲಿ ನಿಂತೇ ಹೋದೆ, ಅದು ದಿನದ ಪಾಡು. ಅಲ್ಲಿಂದ ಬಸ್ಸು. ಘೋಡಬಂದರ್ ರಸ್ತೆಯಲ್ಲಿ ಬಸ್ಸು ಬಸವನಹುಳುವಿನಂತೆ ಹೋಯಿತು. ಒಂದು ಕಡೆ ಅಗೆತ, ಇನ್ನೊಂದು ಕಡೆ ಹೊಂಡ. ಹಾಗೂ ಹೀಗೂ ನಿಮ್ಮ ಕಾಂಪ್ಲೆಕ್ಸಿನ ಗೇಟಿಗೆ ತಲುಪಿದರೆ ವಾಚ್‌ಮನ್ "ಆಜ್ ಬಂದ್ ಹೈ, ಸೋಮವಾರ್ ಹೈ" ಎಂದ. ನನ್ನ ಅಜ್ಜನ ಭರಣಿ ಒಳಗಿದೆ ಎಂದೆ. "ಅಜ್ಜನೂ ಮಂಗಳವಾರ ಬರಲಿ" ಎಂಬರ್ಥದಲ್ಲಿ ಏನೋ ಹೇಳಿ ನಕ್ಕ. ಊರಿಗೆ ಹೋಗಿ ಬರುವುದು ಇದಕ್ಕಿಂತ ಸುಲಭ.

ಲೇಪದ ಬಗ್ಗೆ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಅಜ್ಜನಿಗೆ ಅವರದೇ ಆದ ಗುಟ್ಟು ಗೊತ್ತಿದ್ದಿರಬೇಕು. ಹೊರದೇಶದವನು ಮಾಡಿದರೆ ಅದು ಕಲೆ, ಬೊಳ್ಮಾರಿನ ಐತ ಮಾಡಿದರೆ ಪ್ರಶ್ನೆ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ನನ್ನ ತಾಯಿಗೆ ಕಿವಿ ಮಂದ. ಅವರನ್ನು ತೊಂದರೆಪಡಿಸುವುದು ಬೇಡ. ಏನು ಬೇಕಿದ್ದರೂ ನನ್ನನ್ನು ಕೇಳಿ.

ಲೋಕನಾಥ ಮೂಲ್ಯ


ಠಾಣೆ
2 ಆಗಸ್ಟ್ 2025

ಲೋಕನಾಥ ಮೂಲ್ಯರಿಗೆ,

ಸೋಮವಾರದ ವಿಷಯ ತಿಳಿದು ಬೇಸರವಾಯಿತು. ವಾಚ್‌ಮನ್‌ಗೆ ಹೇಳಿದ್ದೇನೆ.

ರಾಜ್ಯದ ಹೆಸರುಗಳನ್ನೆಲ್ಲ ಬಿಟ್ಟು "ಕುಂಬಳೆ ಪ್ರದೇಶ" ಎಂದಷ್ಟೇ ಹಾಕಲು ಟ್ರಸ್ಟಿಗಳು ಒಪ್ಪಿದರು. ಅವರನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ನೀವು ಕೇಳಿದ್ದು ಇದೇ ಆದ್ದರಿಂದ ಸಂತೋಷವಾಗುತ್ತದೆ ಎಂದು ನಂಬಿದ್ದೇನೆ.

ಹೆಸರಿನ ಮಾತು ಇನ್ನೂ ಉಳಿದಿದೆ. ಒಂದೇ ಒಂದು ಪ್ರಶ್ನೆ. ನಿಮ್ಮ ಅಜ್ಜ ತೀರಿಕೊಂಡಾಗ ಈ ಭರಣಿ ಎಲ್ಲಿತ್ತು? ಮನೆಯ ಒಳಗೇ ಇತ್ತೇ? ದಯವಿಟ್ಟು ತಾಯಿಯವರನ್ನು ಕೇಳಿ ಬರೆಯಿರಿ. ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಶ್ರೀವಾಣಿ


ಡೊಂಬಿವಲಿ ಪೂರ್ವ
6 ಆಗಸ್ಟ್ 2025

ಶ್ರೀವಾಣಿಯವರಿಗೆ,

ನಿಮ್ಮ ಪ್ರಶ್ನೆಯನ್ನು ಹತ್ತು ಸಲ ಓದಿದೆ. ಎರಡೇ ಅರ್ಥ ತೋಚಿತು. ಒಂದು, ಭರಣಿ ಕದ್ದ ಮಾಲು ಎಂಬ ಅನುಮಾನ. ಇನ್ನೊಂದು, ಕುಂಬಾರರ ಮನೆಯಲ್ಲಿ ಸೂತಕದ ಕ್ರಮ ಸರಿಯಾಗಿ ಇತ್ತೋ ಇಲ್ಲವೋ ಎಂಬ ಪರೀಕ್ಷೆ. ನಿಮ್ಮಂಥವರ ಮನೆಯ ಅಂಗಳದಲ್ಲಿ ಮಡಕೆ ಇಳಿಸಿ, ಹೊರಗಿನಿಂದಲೇ ಅಕ್ಕಿ ಹಾಕಿಸಿಕೊಂಡು ಬಂದವರು ನಾವು. ಕ್ರಮ ನಮಗೂ ಗೊತ್ತು.

ಬರೆದುಕೊಳ್ಳಿ. ಅಜ್ಜ ತೀರಿಕೊಂಡದ್ದು ಆಟಿ ತಿಂಗಳ ಮಳೆಯಲ್ಲಿ. ನನ್ನ ತಾಯಿ ಆಗ ಆ ಮನೆಯ ಸೊಸೆ, ನಾನು ಹುಟ್ಟಿರಲಿಲ್ಲ. ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಮನೆಯಲ್ಲಿ ಒಂದು ಮಡಕೆಯನ್ನೂ ಉಳಿಸಲಿಲ್ಲ. ಅನ್ನದ ಮಡಕೆ, ನೀರಿನ ಮಡಕೆ, ಅಟ್ಟದ ಮೇಲಿದ್ದ ಬೀಜದ ಮಡಕೆ ಎಲ್ಲ ಹೊರಗೆ ಹೋಯಿತು. ಮಾರಲೆಂದು ಅಜ್ಜ ಜಗಲಿಯಲ್ಲಿ ಪೇರಿಸಿಟ್ಟಿದ್ದನ್ನೂ ಬಿಡಲಿಲ್ಲ. ಗದ್ದೆಯ ಬದುವಿಗೆ ಒಯ್ದು ಒಡೆದವರು ನನ್ನ ಅಪ್ಪ. ಅಳುತ್ತಾ ಒಡೆದರಂತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ನಮ್ಮಲ್ಲಿ ಕುಂಬಾರನ ಮಗನೇ ದೊಣ್ಣೆ ಹಿಡಿಯಬೇಕಾಯಿತು. ಮರುದಿನ ಪಕ್ಕದೂರಿನವರಿಂದ ಹೊಸ ಮಡಕೆ ತಂದು ಒಲೆ ಹಚ್ಚಿದರು. ಆಮೇಲೆ ಅಪ್ಪ ಮಣ್ಣು ಮುಟ್ಟಲಿಲ್ಲ, ಮುಂಬಯಿಗೆ ಬಂದರು. ಭರಣಿ ಮಾತ್ರ ಒಳಗೇ ಇತ್ತು, ಹೊರಡುವಾಗ ತಾಯಿ ಅದನ್ನು ತಂದರು. ಇಷ್ಟು ಸಾಕೇ, ಇನ್ನೂ ಸಾಕ್ಷಿ ಬೇಕೇ?

ನಿಮ್ಮ ಟ್ರಸ್ಟಿಗೆ ಬೇರೆ ಪತ್ರ ಬರೆದಿದ್ದೇನೆ. ಅಜ್ಜನ ಹೆಸರು ಹಾಕಲು ಅವರ ಕಡೆಯ ವಿದ್ಯಾವಂತರೊಬ್ಬರು ಬೇಕೆಂದೇ ಅಡ್ಡಗಾಲು ಹಾಕುತ್ತಿದ್ದಾರೆ ಎಂದು ಅದರಲ್ಲಿದೆ. ಗುಣಪಾಲಣ್ಣ ಕೂಡ ಸಹಿ ಮಾಡಿದ್ದಾರೆ.

ಲೋಕನಾಥ ಮೂಲ್ಯ


ನೆರೂಳ
25 ಆಗಸ್ಟ್ 2025

ಲೋಕನಾಥಣ್ಣ,

ಇದನ್ನು ಮನೆಯಿಂದ ಬರೆಯುತ್ತಿದ್ದೇನೆ, ಗ್ಯಾಲರಿಯ ಪರವಾಗಿ ಅಲ್ಲ. ನಿಮ್ಮ ದೂರು ಓದಿ ಟ್ರಸ್ಟಿ ನನ್ನನ್ನು ಕರೆಸಿದರು. "ಇಷ್ಟು ಗಲಾಟೆ ಯಾಕೆ, ಆ ಹೆಸರಿಗೆ ನೀವೇ ಒಂದು ಸಹಿ ಹಾಕಿಬಿಡಿ, ಇಲ್ಲವೇ ಅವರಿಗೆ ಕಾರಣ ಹೇಳಿ" ಎಂದರು. ಸಹಿ ಹಾಕಲಾರೆ. ಹಾಗಾಗಿ ಹೇಳುತ್ತಿದ್ದೇನೆ.

ಭರಣಿಯನ್ನು ನಿಮ್ಮ ಅಜ್ಜ ಮಾಡಿದ್ದಲ್ಲ.

ನಿಮ್ಮ ಕಳೆದ ಪತ್ರದಲ್ಲಿ ನೀವೇ ಅದನ್ನು ಬರೆದಿದ್ದೀರಿ. ಅಜ್ಜ ಮಾಡಿದ್ದೆಲ್ಲ ಹೊರಗೆ ಹೋಯಿತು, ಭರಣಿ ಒಳಗೆ ಉಳಿಯಿತು. ಅದು ಅವರ ಮಡಕೆಯಾಗಿದ್ದರೆ ನಿಮ್ಮ ಅಪ್ಪ ಅದನ್ನೂ ಬದುವಿಗೆ ಒಯ್ಯುತ್ತಿದ್ದರು. ನಮ್ಮ ಮನೆಯಲ್ಲೂ ಇದೇ ಕ್ರಮ. ಬರಿಯ ಮಣ್ಣಿನದು ಸೂತಕ ಹೀರಿಕೊಳ್ಳುತ್ತದೆ, ಅದನ್ನು ಎಸೆಯಬೇಕು. ಲೇಪವಿರುವ ಭರಣಿಯನ್ನು ತೊಳೆದರೆ ಸಾಕು. ಅಜ್ಜನಿಗೆ ಲೇಪ ಹಾಕಲು ಬರುತ್ತಿದ್ದರೆ ಜಗಲಿಯ ರಾಶಿಯಲ್ಲೂ ತೊಳೆದು ಉಳಿಸಿಕೊಳ್ಳುವಂಥದ್ದು ಒಂದಾದರೂ ಇರುತ್ತಿತ್ತು. ನಾನು ಆ ಪ್ರಶ್ನೆ ಕೇಳಿದ್ದು ಅದಕ್ಕೆ. ಕಳ್ಳತನವೂ ನನ್ನ ಮನಸ್ಸಿನಲ್ಲಿರಲಿಲ್ಲ, ನಿಮ್ಮ ಮನೆಯ ಮಡಿಯೂ ಇರಲಿಲ್ಲ. ಅಂಗಳದ ಮಾತು ಮಾತ್ರ ನಿಜ.

ಜೂನಿನಲ್ಲಿ ಭರಣಿಯನ್ನು ಎತ್ತಿದ ದಿನವೇ ನನಗೆ ಗೊತ್ತಾಗಿತ್ತು. ಅದನ್ನು ಕಲ್ಲಿನಷ್ಟು ಗಟ್ಟಿಯಾಗಿ ಸುಟ್ಟಿದ್ದಾರೆ. ಹುಲ್ಲು, ತೆಂಗಿನ ಸಿಪ್ಪೆ ಒಟ್ಟಿ ಸುಡುವ ನಮ್ಮ ಕಡೆಯ ಆವಿಗೆಯಲ್ಲಿ ಅಷ್ಟು ಕಾವು ಬರುವುದಿಲ್ಲ. ಅದು ನಿಮ್ಮ ಅಜ್ಜನ ಕೊರತೆಯಲ್ಲ. ಗಂಜಿ ಬೇಯಿಸುವ ಮಡಕೆಗೆ ಆ ಕಾವು ಬೇಕಾಗಿಯೂ ಇಲ್ಲ. ನನ್ನ ಊಹೆಯಂತೆ ಈ ಭರಣಿ ಬರ್ಮಾದ ಕರಾವಳಿಯದು, ಸಯಾಮಿಗೆ ತಾಗಿಕೊಂಡಿದ್ದ ಕಡೆಯದು. ಆ ನೆಲದ ಹಣೆಬರಹವೂ ನಿಮ್ಮ ಬೊಳ್ಮಾರಿನದೇ. ಒಮ್ಮೆ ಈ ಅರಸನದು, ಒಮ್ಮೆ ಆ ಅರಸನದು, ಕೊನೆಗೆ ಬ್ರಿಟಿಷರದು. ಯಾವ ದೇಶದ ಹೆಸರು ಹಾಕಬೇಕೆಂದು ನನಗೂ ತಿಳಿಯದು. ಊಹೆಯೇ ತಪ್ಪಿರಲೂಬಹುದು.

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಅಂದು ನೀವು ಭರಣಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡೇ ಆಟೋದಲ್ಲಿ ಬಂದಿದ್ದಿರಿ. ಇಳಿಯುವಾಗ ನನ್ನ ಕೈಗೂ ಕೊಡಲಿಲ್ಲ. ಆ ಮುಖ ನೋಡಿ ಹೇಳಲು ನನಗೆ ಮನಸ್ಸಾಗಲಿಲ್ಲ. ಆಮೇಲೆ ಕೇರಳದ ಜಗಳ ಶುರುವಾಯಿತು. ನಿಜ ಹೇಳಬೇಕೆಂದರೆ ಆ ಜಗಳ ನನಗೆ ಅನುಕೂಲವೇ ಆಯಿತು. ನೀವು ಅದರಲ್ಲಿ ಮುಳುಗಿದ್ದಷ್ಟು ದಿನ ನಾನು ಇದನ್ನು ಹೇಳಬೇಕಾಗಿರಲಿಲ್ಲ.

ಭರಣಿಯನ್ನು ವಾಪಸ್ ತೆಗೆದುಕೊಳ್ಳುವುದಿದ್ದರೆ ತಿಳಿಸಿ, ನಾನೇ ತಂದು ಕೊಡುತ್ತೇನೆ.

ಶ್ರೀವಾಣಿ


ಡೊಂಬಿವಲಿ ಪೂರ್ವ
15 ಸೆಪ್ಟೆಂಬರ್ 2025

ಶ್ರೀವಾಣಿಯವರಿಗೆ,

ನಿಮ್ಮ ಪತ್ರವನ್ನು ಓದಿದ ದಿನವೇ ಹರಿದು ಹಾಕಿದೆ. ತೃಷಾ ಇನ್ನೊಂದು ಪ್ರಿಂಟ್ ತಂದು ಟಿವಿಯ ಪಕ್ಕದಲ್ಲಿಟ್ಟಳು. ಅದನ್ನೂ ಹರಿದೆ. ಮೂರನೆಯದನ್ನು ತಂದು, "ಪಪ್ಪಾ, ಏಕ್ ಬಾರ್ ದಾದೀ ಕೋ ಪೂಛೋ ನಾ", ಅಜ್ಜಿಯನ್ನು ಒಮ್ಮೆ ಕೇಳಬಾರದೇ, ಎಂದಳು.

ತಾಯಿಗೆ ಕಿವಿ ಮಂದ ಎಂದು ಬರೆದಿದ್ದೆ. ಮಂದ ಹೌದು, ಆದರೆ ಜೋರಾಗಿ ಕೇಳಿದರೆ ಕೇಳುತ್ತದೆ. ನಾನು ಭರಣಿಯ ಸುದ್ದಿ ಎತ್ತಿದಾಗಲೆಲ್ಲ ಅವರು ಮುಖ ತಿರುಗಿಸಿ ಸೊಪ್ಪು ಬಿಡಿಸಲು ಕೂರುತ್ತಿದ್ದರು. ಅದು ಯಾಕೆ ಎಂದು ತಿಳಿಯಲು ನನಗೆ ಮನಸ್ಸಿರಲಿಲ್ಲ. ಪಿತೃಪಕ್ಷ ನಡೆಯುತ್ತಿದೆ, ಹಿರಿಯರ ಮಾತು ಹೇಗೂ ಬಂತು. ಮೊನ್ನೆ ಕೇಳಿದೆ.

"ಅಮ್ಮಾ, ಆ ಭರಣಿ ಅಜ್ಜ ಮಾಡಿದ್ದಲ್ವಾ?"

"ಅದೆಂತದು ಮಾರಾಯ, ಅಂಥದ್ದು ನಾವು ಮಾಡ್ತೇವಾ? ಅದು ಮಂಜಿಯಿಂದ ಬಂದದ್ದು."

"ಅಪ್ಪ ಹಾಗೇ ಹೇಳ್ತಿದ್ರಲ್ಲ, ಅಜ್ಜ ಮಾಡಿದ್ದು ಅಂತ."

"ಒಡೆದದ್ದು ಅವ್ರೇ ಅಲ್ವಾ, ಪಾಪ. ಒಂದಾದ್ರೂ ಉಳಿದಿದೆ ಅಂತ ಹೇಳ್ಕೊಂಡ್ರೆ ಸಮಾಧಾನ. ನಾನ್ಯಾಕೆ ಬೇಡ ಅನ್ಲಿ?"

"ನಂಗಾದ್ರೂ ಹೇಳ್ಬಹುದಿತ್ತು."

"ನೀನು ಕೇಳಿದ್ದುಂಟಾ? ಸಂಘದಲ್ಲಿ ಮೈಕ್ ಹಿಡ್ಕೊಂಡು ಹೇಳಿ ಆದ ಮೇಲೆ ನನ್ನ ಹತ್ರ ಬಂದದ್ದು."

ಸಂಗತಿ ಹೀಗಂತೆ. ಕುಂಬಳೆಯ ಹೊಳೆಬಾಯಿಗೆ ಮಂಜಿಗಳು, ಅಂದರೆ ಸರಕಿನ ದೋಣಿಗಳು ಬರುತ್ತಿದ್ದವು. ಅವುಗಳಲ್ಲಿದ್ದವರಿಗೆ ಗಂಜಿಗೆ, ಕುಡಿಯುವ ನೀರಿಗೆ ಮಡಕೆ ಬೇಕು. ಒಮ್ಮೆ ಅಜ್ಜ ಎರಡು ಹೊರೆ ಮಡಕೆ ಹೊತ್ತುಕೊಂಡು ಹೋದರು. ಮಂಜಿಯವರ ಕೈಯಲ್ಲಿ ದುಡ್ಡಿರಲಿಲ್ಲ, ಎಣ್ಣೆ ಮುಗಿದ ಈ ಭರಣಿಯನ್ನು ಕೊಟ್ಟರು. ಅಜ್ಜ ದಾರಿಯುದ್ದಕ್ಕೂ ಬೈದುಕೊಂಡೇ ಬಂದರು ಎಂದು ಅಜ್ಜಿ ನನ್ನ ತಾಯಿಗೆ ಹೇಳಿದ್ದರಂತೆ. ಕುಂಬಾರನ ಮನೆಗೆ ಬೇರೆಯವನ ಪಾತ್ರೆ.

ಈಗ ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯುವುದಿಲ್ಲ. ನಿಮ್ಮ ಮೇಲೆ ಇದೆ. ಜೂನಿನಲ್ಲಿ ಹೇಳಿದ್ದರೆ ನಾನು ಸಹಿ ಸಂಗ್ರಹಿಸುತ್ತಿರಲಿಲ್ಲ. ಅಪ್ಪನ ಮೇಲೆ, ಅಮ್ಮನ ಮೇಲೆ ಇದೆ. ಎಲ್ಲಕ್ಕಿಂತ ಹೆಚ್ಚು ಆ ಬೊಜ್ಜದ ದಿನದ ಮೇಲೆ ಇದೆ. ಒಂದು ಸಣ್ಣ ಮುಚ್ಚಳವನ್ನಾದರೂ ಯಾರಾದರೂ ಬಚ್ಚಿಡಬಾರದಿತ್ತೇ? ಜೀವಮಾನವೆಲ್ಲ ಮಣ್ಣು ತುಳಿದವರ ಬೆರಳಿನ ಗುರುತು ಈ ಭೂಮಿಯ ಮೇಲೆ ಎಲ್ಲೂ ಇಲ್ಲ.

ಭರಣಿ ಅಲ್ಲೇ ಇರಲಿ. ಲೇಬಲ್ ಮಾತ್ರ ಹೀಗಿರಬೇಕು:

"ಭರಣಿ. ಮಾಡಿದವರು ಗೊತ್ತಿಲ್ಲ. ಊರು ಗೊತ್ತಿಲ್ಲ. ಕುಂಬಳೆ ಹತ್ತಿರದ ಬೊಳ್ಮಾರಿನ ಕುಂಬಾರ ಐತ ಮೂಲ್ಯರು ತಾವು ಮಾಡಿದ ಎರಡು ಹೊರೆ ಮಡಕೆ ಕೊಟ್ಟು ಇದನ್ನು ಪಡೆದರು. ಆ ಮಡಕೆಗಳಲ್ಲಿ ಒಂದೂ ಉಳಿದಿಲ್ಲ."

ಒಂದು ಅಕ್ಷರ ಬದಲಾದರೂ ಭರಣಿಯನ್ನು ಕಳಿಸಿಬಿಡಿ. ಗುಣಪಾಲಣ್ಣನಿಗೆ ಹೇಳುವ ಧೈರ್ಯ ನನಗಿಲ್ಲ, ಬಂದು ಓದಿಕೊಳ್ಳಲಿ. ನಾನು ಬರುವುದಿಲ್ಲ.

ಲೋಕನಾಥ


ಠಾಣೆ
29 ಸೆಪ್ಟೆಂಬರ್ 2025

ಲೋಕನಾಥಣ್ಣ,

ನಿನ್ನೆ ಉದ್ಘಾಟನೆ ಮುಗಿಯಿತು. ಲೇಬಲ್ ನೀವು ಬರೆದಂತೆಯೇ ಇದೆ. ಒಂದೇ ಲೇಬಲಿನಲ್ಲಿ ಎರಡು ಸಲ "ಗೊತ್ತಿಲ್ಲ" ಎಂದು ಬಂದರೆ ಗ್ಯಾಲರಿಯ ಮಾನ ಹೋಗುತ್ತದೆ ಎಂದು ಟ್ರಸ್ಟಿ ಕೂಗಾಡಿದರು. ಈ ಸಲ ನಾನೂ ಕೂಗಾಡಿದೆ. ನಿಮ್ಮ ಪತ್ರಗಳನ್ನು ಓದಿ ಓದಿ ಅಭ್ಯಾಸವಾಗಿತ್ತು.

ನಿಮ್ಮ ಸಂಘದ ಬಸ್ಸು ಘೋಡಬಂದರ್ ರಸ್ತೆಯಲ್ಲೇ ಸಿಕ್ಕಿಬಿದ್ದು, ದೀಪ ಬೆಳಗಿಸಿ ಭಾಷಣವೆಲ್ಲ ಆದ ಮೇಲೆ ತಲುಪಿತು. ಗುಣಪಾಲರು ಲೇಬಲ್ ಓದಿ, "ಲೋಕನಾಥ ಹೇಳಿದ್ದು ಬೇರೆ ಅಲ್ವಾ?" ಎಂದು ಅಲ್ಲಿದ್ದವರನ್ನು ಕೇಳಿದರು. ಯಾರೋ ಒಬ್ಬರು ನಕ್ಕರು. ನಿಮಗೆ ಸಿಹಿ ಸುದ್ದಿ ಮಾತ್ರ ಬರೆಯಬೇಕೆಂದು ಕೂತಿಲ್ಲ, ಹಾಗಾಗಿ ಇದನ್ನೂ ಬರೆದೆ. ಹೋಗುವಾಗ ಗುಣಪಾಲರು ಲೇಬಲಿನ ಫೋಟೊ ತೆಗೆದುಕೊಂಡರು.

ನಿಮ್ಮ ತಾಯಿ ತೃಷಾಳ ತೋಳು ಹಿಡಿದು ಬಂದರು. ಭರಣಿಯನ್ನು ಹೆಚ್ಚು ನೋಡಲೇ ಇಲ್ಲ. "ಎಂತ ಬರ್ದಿದ್ದಾರೆ, ಓದು" ಎಂದರು. ತೃಷಾ ಕನ್ನಡ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ, ನಡುನಡುವೆ ನನ್ನ ಮುಖ ನೋಡಿ, ಅಜ್ಜಿಯ ಕಿವಿಗೆ ಕೇಳುವಷ್ಟು ಜೋರಾಗಿ ಓದಿದಳು. ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಐತ ಮೂಲ್ಯರ ಹೆಸರು ಬಂದಾಗ ನಿಮ್ಮ ತಾಯಿ ಸೆರಗು ಸರಿಮಾಡಿಕೊಂಡರು.

ಕೊನೆಯ ಸಾಲು ಕೇಳಿ ಅವರಿಗೆ ನಗು ಬಂತು. ಹೌದು ಲೋಕನಾಥಣ್ಣ, ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

"ಮಡಕೆ ಉಳೀಲಿಕ್ಕೆ ಮಾಡುವುದಾ ಮಗಳೇ? ಮಾವ ಮಾಡಿದ್ದೆಲ್ಲ ಎಲ್ಲರ ಮನೆಯಲ್ಲಿ ಹಾಗೇ ಉಳಿದಿದ್ರೆ, ಮರುವರ್ಷ ನಾವು ಉಣ್ಣುವುದು ಎಂತದು?"

ಆಮೇಲೆ ನನ್ನ ಕೈ ಹಿಡಿದು, "ಲೋಕನಿಗೆ ಇದನ್ನೆಲ್ಲ ಹೇಳ್ಬೇಡಿ, ಅವನಿಗೆ ಸಿಟ್ಟು ಬರ್ತದೆ" ಎಂದರು. ಆಗಲಿ ಎಂದು ತಲೆಯಾಡಿಸಿದೆ. ಆದರೆ ನಿಮ್ಮಿಂದ ಒಂದು ಮಾತನ್ನು ಮುಚ್ಚಿಟ್ಟು ಪಟ್ಟ ಪಾಡು ನನಗೆ ಸಾಕಾಗಿದೆ. ಸಿಟ್ಟು ಬಂದರೆ ಬರಲಿ, ಬರೆಯಿರಿ.

ಶ್ರೀವಾಣಿ